ಮುಖ ಕಾಣದ ಸಂತೆ

ಬಾಲ್ಯದಲ್ಲಿ ತಾತನವರ ಕೈಹಿಡಿದು ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಹೋಗುತ್ತಿದ್ದಾಗ ನನಗೆ ಎತ್ತುಗಳಿಗಿಂತ ಹೆಚ್ಚು ಬೆರಗನ್ನುಂಟುಮಾಡುತ್ತಿದ್ದುದು ದಲ್ಲಾಳಿಗಳ ವ್ಯಾಪಾರ. ಇಬ್ಬರು ಎದುರುಬದುರಾಗಿ ನಿಂತು, ಕೈಗಳ ಮೇಲೆ ಟವೆಲನ್ನು ಮುಚ್ಚಿಕೊಂಡು, ಅದರ ಮರೆಯಲ್ಲಿ ಬೆರಳುಗಳನ್ನು ಹಿಡಿದೊತ್ತಿ ಬೆಲೆ ಕಟ್ಟುತ್ತಿದ್ದರು. ಸುತ್ತ ನಿಂತ ಹತ್ತು ಜನಕ್ಕೆ ಬೆಲೆ ತಿಳಿಯುತ್ತಿರಲಿಲ್ಲ. ಆದರೆ ಕೊಳ್ಳುವವನಾರು, ಮಾರುವವನಾರು, ಅವರ ಊರು ಯಾವುದು ಎಂಬುದು ಎಲ್ಲರಿಗೂ ತಿಳಿದಿರುತ್ತಿತ್ತು. ಬೆಲೆ ಗುಟ್ಟು, ಮುಖ ಬಯಲು. ಇಂದಿನ ಅಂತರಜಾಲದ ಸಂತೆಯಲ್ಲಿ ಈ ಲೆಕ್ಕ ತಿರುಗುಮುರುಗಾಗಿದೆ. ಅಲ್ಲಿ ಬೆಲೆಯನ್ನು ಲೋಕವೆಲ್ಲ ನೋಡಬಹುದು. ಮುಖ ಮಾತ್ರ ಯಾರಿಗೂ ಕಾಣದು.

ಈ ಮಾತನ್ನು ಈಗ ಎತ್ತಲು ಕಾರಣವಿದೆ. ಯುಪಿಐ ವ್ಯವಸ್ಥೆಯಲ್ಲಿ ಒಬ್ಬ ವ್ಯಕ್ತಿ ಮತ್ತೊಬ್ಬನಿಗೆ 'ಇಷ್ಟು ಹಣ ಕೊಡಿ' ಎಂದು ಕೋರಿಕೆ ಕಳುಹಿಸುವ ಸೌಲಭ್ಯವನ್ನು ಭಾರತ ರಾಷ್ಟ್ರೀಯ ಪಾವತಿ ನಿಗಮವು 2025ರ ಅಕ್ಟೋಬರ್ 1ರಿಂದ ನಿಲ್ಲಿಸಿತು. ಹಳೆಯ ಸಾಮಾನನ್ನು ಮಾರಲು ಹೊರಟ ಸಾಧುಗಳು, ತಮಗೆ ಹಣ ಬರುತ್ತಿದೆಯೆಂದು ನಂಬಿ, ವಾಸ್ತವವಾಗಿ ಹಣ ಕೇಳುವ ಕೋರಿಕೆಗೇ ಒಪ್ಪಿಗೆಯಿತ್ತು ಕೈಸುಟ್ಟುಕೊಳ್ಳುತ್ತಿದ್ದರು. ಆ ಬಾಗಿಲನ್ನು ಮುಚ್ಚಿದ್ದು ಒಳ್ಳೆಯದೇ ಆಯಿತು. ಆದರೆ ಮನೆಗೆ ಬಾಗಿಲು ಒಂದೇ ಅಲ್ಲ. ನಾನು ಸುಟ್ಟುಕೊಂಡದ್ದು ಇನ್ನೊಂದು ಬಾಗಿಲಿನಲ್ಲಿ.

2023ರ ಶ್ರಾವಣದಲ್ಲಿ, ತಂದೆಯವರು ತೀರಿಕೊಂಡು ಎರಡು ವರ್ಷಗಳಾದ ಮೇಲೆ, ಅವರ ಹಾರ್ಮೋನಿಯಮ್ಮನ್ನು ಮಾರುವುದೆಂದು ಮನೆಯಲ್ಲಿ ತೀರ್ಮಾನವಾಯಿತು. ನುಡಿಸುವವರಿಲ್ಲದೆ ಅದು ಜಿರಲೆಗಳ ಪಾಲಾಗುತ್ತಿತ್ತು. ಹಳೆಯ ವಸ್ತುಗಳ ಒಂದು ಮಾರಾಟ ತಾಣದಲ್ಲಿ ಅದರ ಚಿತ್ರವನ್ನು ಹಾಕಿ, 'ಸುಸ್ಥಿತಿಯಲ್ಲಿದೆ, ಬೆಲೆ 6,000 ರೂಪಾಯಿ' ಎಂದು ಬರೆದೆ. ಅರ್ಧ ಗಂಟೆಯೊಳಗೆ ಫೋನು ಬಂದಿತು. ತಾನು ಸೈನ್ಯದಲ್ಲಿರುವುದಾಗಿಯೂ, ವಸ್ತುವನ್ನು ಕೊಂಡೊಯ್ಯಲು ಗಾಡಿ ಕಳುಹಿಸುವುದಾಗಿಯೂ, ಹಣವನ್ನು ಮುಂಗಡವಾಗಿಯೇ ಕೊಡುವುದಾಗಿಯೂ ಆತ ಹಿಂದಿಯಲ್ಲಿ ಹೇಳಿದ. ಬೆಲೆಯನ್ನು ಒಂದು ರೂಪಾಯಿಯಷ್ಟೂ ಚೌಕಾಸಿ ಮಾಡಲಿಲ್ಲ. ಸಂತೆ ಕಂಡವನಿಗೆ ಅಲ್ಲಿಯೇ ಸಂಶಯ ಬರಬೇಕಿತ್ತು. ನನ್ನ ಹಿಂದಿ ಬಲು ಕಡಮೆ. ಅರ್ಥವಾಗಲಿಲ್ಲವೆಂದು ಹೇಳಲು ನಾಚಿ, ಅರ್ಥವಾದವನಂತೆ 'ಹ್ಞಾ, ಹ್ಞಾ' ಎನ್ನುತ್ತ ಹೋದೆ. ಆತ ಕ್ಯೂಆರ್ ಚಿತ್ರವೊಂದನ್ನು ನನ್ನ ಹೆಂಡತಿಯ ಫೋನಿಗೆ ಕಳುಹಿಸಿ, ನನ್ನ ಫೋನಿನಿಂದ ಅದನ್ನು ಸ್ಕ್ಯಾನ್ ಮಾಡಿ ಪಿನ್ ಒತ್ತಿದರೆ ಹಣ ಬರುವುದೆಂದ. ಮೊದಲು ಒಂದು ರೂಪಾಯಿಯ ಪರೀಕ್ಷೆ. ಕೂಡಲೇ ಎರಡು ರೂಪಾಯಿ ಬಂದಿತು! ಆಮೇಲೆ 6,000. ಅದು ಹೋಯಿತು. 'ತಪ್ಪಾಗಿದೆ, ವಾಪಸು ಬರಲು ಇನ್ನೊಮ್ಮೆ ಮಾಡಿ' ಎಂದ. ಇನ್ನೊಮ್ಮೆಯೂ ಮಾಡಿದೆನೆಂದು ಬರೆಯುವಾಗ ಈಗಲೂ ಲೇಖನಿ ತಡೆಯುತ್ತದೆ.

ಎಂ.ಎ. ಓದಿದವನು, ನಿತ್ಯವೂ ನೂರು ವಿದ್ಯಾರ್ಥಿಗಳ ಮುಂದೆ ನಿಲ್ಲುವವನು, ಇಷ್ಟು ಸುಲಭವಾಗಿ ಮೋಸಹೋದುದು ಹೇಗೆ? ಅಜ್ಞಾನವೆಂದು ಎಲ್ಲರೂ ಹೇಳುತ್ತಾರೆ. ಬಹಳ ದಿನ ಯೋಚಿಸಿದ ಮೇಲೆ ನನಗೆ ತೋರಿದ ಉತ್ತರ ಬೇರೆ. ನನ್ನನ್ನು ಕೆಡಿಸಿದ್ದು ನಾನು ಅರಿಯದ ವಿದ್ಯೆಯಲ್ಲ, ಅರಿತಿದ್ದ ವಿದ್ಯೆ. ನಮ್ಮ ಮನೆಗೆ ಮನಿಯಾರ್ಡರು ಬಂದಾಗ ಅಂಚೆಯವನು ಮೊದಲು ಅಜ್ಜಿಯಿಂದ ಹೆಬ್ಬೆಟ್ಟು ಒತ್ತಿಸಿಕೊಂಡು, ಆಮೇಲೆ ಹಣ ಎಣಿಸುತ್ತಿದ್ದ. ತಂದೆಯವರು ಸಂಬಳ ಪಡೆಯುತ್ತಿದ್ದುದು ರೆವಿನ್ಯೂ ಸ್ಟಾಂಪಿನ ಮೇಲೆ ರುಜು ಹಾಕಿ. ಹಣ ತೆಗೆದುಕೊಳ್ಳುವವನು ರುಜು ಹಾಕಬೇಕು ಎಂಬುದು ನಮ್ಮ ತಲೆಮಾರಿನ ರಕ್ತದಲ್ಲಿ ಬೆರೆತುಹೋಗಿದೆ. ಆದುದರಿಂದ 'ಹಣ ಬರಬೇಕಾದರೆ ಪಿನ್ ಒತ್ತಿ' ಎಂದಾಗ ಅದು ನನಗೆ ಅಸಹಜವೆನಿಸಲೇ ಇಲ್ಲ. 2016ರಲ್ಲಿ ಬಂದ ಯುಪಿಐ ಈ ಹಳೆಯ ರೂಢಿಯನ್ನು ಪೂರ್ತಿಯಾಗಿ ಮಗುಚಿಹಾಕಿತು: ಅಲ್ಲಿ ರುಜು ಕೊಡುವವನದು ಮಾತ್ರ. ಪಡೆಯುವವನು ಸ್ಕ್ಯಾನ್ ಮಾಡಬೇಕಾದುದಿಲ್ಲ, ಪಿನ್ ಒತ್ತಬೇಕಾದುದಿಲ್ಲ. ಸುಮ್ಮನೆ ಕುಳಿತಿದ್ದರೆ ಸಾಕು. ಇದನ್ನು ಬ್ಯಾಂಕಿನವರು ಜಾಹೀರಾತುಗಳಲ್ಲಿ ಹೇಳದೆ ಇಲ್ಲ. ಆದರೆ ಹಳೆಯ ರೂಢಿ ಏಕಿತ್ತು, ಅದು ಎಲ್ಲಿ ಬದಲಾಯಿತು ಎಂಬುದನ್ನು ಅಜ್ಜಿಗೆ ಹೇಳುವಂತೆ ಹೇಳಿದವರನ್ನು ನಾನು ಕಾಣೆ.

ಮುಖ ಕಾಣದವರು ವ್ಯಾಪಾರ ಮಾಡುವುದೆಂತು ಎಂಬ ಪ್ರಶ್ನೆ ಹೊಸದೇನಲ್ಲ. 1995ರಲ್ಲಿ ಅಮೆರಿಕದ ಪಿಯರ್ ಒಮಿಡ್ಯಾರ್ ಎಂಬ ತರುಣ ಅಂತರಜಾಲದಲ್ಲಿ ಹರಾಜಿನ ಕಟ್ಟೆಯೊಂದನ್ನು ತೆರೆದ. ಮುಂದೆ ಅದೇ ಈಬೇ ಎಂದು ಪ್ರಸಿದ್ಧವಾಯಿತು. ಅಲ್ಲಿ ಮೊದಲಿಗೆ ಮಾರಾಟವಾದದ್ದು ಆತನದೇ ಒಂದು ಕೆಟ್ಟುಹೋದ ಲೇಸರ್ ಪಾಯಿಂಟರ್, 14.83 ಡಾಲರಿಗೆ. ಇದು ಕೆಟ್ಟಿದೆಯೆಂಬುದು ತಿಳಿದಿದೆಯಷ್ಟೆ ಎಂದು ಆತ ಕೊಂಡವನನ್ನು ವಿಚಾರಿಸಿದನಂತೆ. ಕೆಟ್ಟವನ್ನೇ ಸಂಗ್ರಹಿಸುವುದು ತನ್ನ ಹವ್ಯಾಸವೆಂದು ಉತ್ತರ ಬಂದಿತಂತೆ. ಮರುವರ್ಷವೇ, ಕೊಂಡವರೂ ಮಾರಿದವರೂ ಪರಸ್ಪರರ ನಡತೆಯನ್ನು ಕುರಿತು ಅಭಿಪ್ರಾಯ ಬರೆಯುವ ಏರ್ಪಾಡಾಯಿತು. ಜಾತ್ರೆಯಲ್ಲಿ ದಲ್ಲಾಳಿಯ ನಾಲಗೆ ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಅಂಕಗಳು ಮಾಡತೊಡಗಿದವು.

ಆದರೆ ಅಂಕಕ್ಕೂ ಮುಲಾಜು ಉಂಟು. ತನ್ನನ್ನು ದೂರಿದವನನ್ನು ತಾನೂ ದೂರಿ ಸೇಡು ತೀರಿಸಿಕೊಳ್ಳುವ ಚಾಳಿ ಹೆಚ್ಚಿ, ನಿಜವನ್ನು ಬರೆಯಲು ಕೊಂಡವರು ಅಂಜುವಂತಾಯಿತು. ಕಡೆಗೆ 2008ರಲ್ಲಿ, ಮಾರುವವರು ಕೊಳ್ಳುವವರನ್ನು ದೂರಿ ಬರೆಯುವ ಹಕ್ಕನ್ನೇ ಆ ಸಂಸ್ಥೆ ತೆಗೆದುಹಾಕಿತು. ಸುಳ್ಳು ಸವಾಲುಗಳ ಹಾವಳಿ ಬೇರೆ. 2000ನೆಯ ಇಸವಿಯಲ್ಲಿ ಕ್ಯಾಲಿಫೋರ್ನಿಯದ ವಕೀಲನೊಬ್ಬ ಪ್ರಸಿದ್ಧ ಕಲಾವಿದನ ಕೃತಿಯೆಂದು ಭ್ರಮೆ ಹುಟ್ಟುವಂತೆ ಒಂದು ಚಿತ್ರವನ್ನು ಹರಾಜಿಗಿಟ್ಟ. ತನ್ನವರಿಂದಲೇ ಸವಾಲು ಕೂಗಿಸಿದ. ಬೆಲೆ 1,35,805 ಡಾಲರಿಗೇರಿತು. ಕೊನೆಗೆ ಗುಟ್ಟು ರಟ್ಟಾಗಿ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡ. ಆದುದರಿಂದ ಹರಾಜಿಗೆ ಇಳಿಯುವವರು ತಮ್ಮ ಕೊನೆಯ ಬೆಲೆಯನ್ನು ಮೊದಲೇ ಮನಸ್ಸಿನಲ್ಲಿ ನಿಶ್ಚಯಿಸಿಕೊಂಡಿರಬೇಕು. ಎದುರಾಳಿಯ ಹುರುಪನ್ನು ವಸ್ತುವಿನ ಬೆಲೆಯೆಂದು ಭಾವಿಸಬಾರದು. ಮಾರುವವನ ಒಟ್ಟು ಅಂಕಕ್ಕಿಂತ ಅವನ ಮೇಲಿರುವ ನಾಲ್ಕು ದೂರುಗಳನ್ನು ಓದುವುದು ಲೇಸು.

ನಮ್ಮ ದೇಶದಲ್ಲಿ ಈಬೇಯ ಅಂಗಡಿ 2018ರಲ್ಲಿ ಮುಚ್ಚಿತು. ನಮ್ಮವರು ಇಂದು ಹಳೆಯ ಸಾಮಾನು ಮಾರುವ ತಾಣಗಳಲ್ಲಿ ಎರಡು ಬಗೆ ಉಂಟು. ಈ ಭೇದವನ್ನು ಅರಿಯದಿರುವುದೇ ಅನೇಕ ಅನರ್ಥಗಳಿಗೆ ಮೂಲ. ಒಂದು ಬಗೆಯವು ಹಣವನ್ನು ತಾವೇ ಪಡೆದು, ವಸ್ತು ತಲುಪದಿದ್ದರೆ ಹಿಂದಿರುಗಿಸುವ ಹೊಣೆ ಹೊರುತ್ತವೆ. ಇನ್ನೊಂದು ಬಗೆಯವು ಇಬ್ಬರನ್ನು ಪರಿಚಯ ಮಾಡಿಸಿ ಪಕ್ಕಕ್ಕೆ ಸರಿಯುತ್ತವೆ. ಮೊದಲನೆಯ ಬಗೆಯಲ್ಲಿ ಕೂಡ ಮೋಸಗಾರನ ಮೊದಲ ಯತ್ನ ನಮ್ಮನ್ನು ಕಟ್ಟೆಯಿಂದ ಕೆಳಗಿಳಿಸುವುದು: 'ನೇರವಾಗಿ ಕಳುಹಿಸಿ, ಕಮಿಷನ್ ಉಳಿಯುತ್ತದೆ' ಎಂಬ ಸವಿನುಡಿ. ಎರಡನೆಯ ಬಗೆಯಲ್ಲಿ ವಸ್ತುವನ್ನು ಕಣ್ಣಾರೆ ಕಂಡು, ಹಗಲಿನಲ್ಲಿ, ನಾಲ್ಕು ಜನರಿರುವ ಕಡೆ ಕೈಯಿಂದ ಕೈಗೆ ದಾಟಿಸಿಕೊಳ್ಳುವುದನ್ನು ಬಿಟ್ಟು ಬೇರೆ ರಕ್ಷಣೆಯಿಲ್ಲ.

ಹಣ ಹೋದ ಮೇಲೆ ನಾನು ಮಾಡಿದ ದೊಡ್ಡ ತಪ್ಪು ಇನ್ನೊಂದು. ನಾಲ್ಕು ದಿನ ಯಾರಿಗೂ ಹೇಳಲಿಲ್ಲ. ಸಹೋದ್ಯೋಗಿಗಳು ನಕ್ಕಾರೆಂಬ ಭಯ. 1930 ಎಂಬ ಸಂಖ್ಯೆಗೆ ಕೂಡಲೇ ದೂರಿತ್ತಿದ್ದರೆ, ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುವ ಮೊದಲೇ ತಡೆಹಿಡಿಯುವ ಸಂಭವವಿತ್ತು. ಆ ವ್ಯವಸ್ಥೆ ಇರುವುದೇ ಅದಕ್ಕೆ. ನಾನು ದೂರುವ ಹೊತ್ತಿಗೆ ಹಣವನ್ನು ತೆಗೆದಾಗಿತ್ತು. ಬ್ಯಾಂಕಿನಲ್ಲಿ ವಿಚಾರಿಸಿದರೆ, 'ಪಿನ್ ಒತ್ತಿದವರು ನೀವೇ ಅಲ್ಲವೆ, ಸಾರ್?' ಎಂದರು. ಗ್ರಾಹಕನ ಕೈತಪ್ಪಿನಿಂದ ಆದ ನಷ್ಟವನ್ನು, ಆತ ಬ್ಯಾಂಕಿಗೆ ತಿಳಿಸುವವರೆಗೆ, ಆತನೇ ಹೊರಬೇಕೆಂದು ರಿಸರ್ವ್ ಬ್ಯಾಂಕು 2017ರ ಜುಲೈನ ಸುತ್ತೋಲೆಯಲ್ಲಿ ಹೇಳಿತ್ತು. ನಿಯಮದ ದೃಷ್ಟಿಯಿಂದ ಇದು ಸರಿಯಿರಬಹುದು. ಆದರೆ ರೂಢಿಯನ್ನು ಮಗುಚಿದವರು ಒಬ್ಬರು, ಅದರ ದಂಡ ತೆರುವವರು ಇನ್ನೊಬ್ಬರು ಎಂಬುದು ನನಗೆ ಇಂದಿಗೂ ನ್ಯಾಯವೆನಿಸಿಲ್ಲ.

ಹಾರ್ಮೋನಿಯಮ್ಮು ಕೊನೆಗೂ ಮಾರಾಟವಾಯಿತು. ಪಕ್ಕದ ಹಳ್ಳಿಯ ಭಜನೆಯ ಮನೆಯಿಂದ ಒಬ್ಬ ಹಿರಿಯರು ಬಂದು, ಜಗಲಿಯ ಮೇಲೆ ಕುಳಿತು, ತಿದಿಯೊತ್ತಿ ಒಂದೊಂದೇ ಮನೆಯನ್ನು ನುಡಿಸಿ ನೋಡಿದರು. ಮಂದ್ರದ ಒಂದು ಮನೆಯಿಂದ ಬರಿಯ ಗಾಳಿ ಹೊರಟಿತು. ಅದು ನನಗೆ ತಿಳಿಯದುದೇನಲ್ಲ. "ಇದನ್ನ ಬರೆದಿರಲಿಲ್ಲವಲ್ಲ, ಮೇಷ್ಟ್ರೇ" ಎಂದು ಅವರು ಮೆಲ್ಲಗೆ ಹೇಳಿದಾಗ ನಾನು ಐನೂರು ರೂಪಾಯಿ ಇಳಿಸಿದೆ. ಅವರು ಜೇಬಿನಿಂದ ಫೋನನ್ನು ತೆಗೆದು, ಕನ್ನಡಕವನ್ನು ಮೂಗಿನ ಮೇಲೆ ಸರಿಪಡಿಸಿಕೊಂಡು, ತಮ್ಮ ಪಿನ್ನನ್ನು ಒತ್ತಿದರು. ನಾನು ಕೈಕಟ್ಟಿ ಕುಳಿತಿದ್ದೆ.