ಗಿಡ್ಡ ಸಾಲಿನ ಉದ್ದ ತಲೆನೋವು

ಪ್ರೋಗ್ರಾಮಿಂಗ್ ಕಲಿಯುವವರಲ್ಲಿ ಒಂದು ಹುಚ್ಚು ಹಬ್ಬಿದೆ: ಐದು ಸಾಲಿನ ಷರತ್ತನ್ನು ಒಂದೇ ಸಾಲಿಗೆ ಇಳಿಸಿದವರೇ ಜಾಣರು. ನನ್ನ ಪ್ರಕಾರ ಇದು ಜಾಣತನವಲ್ಲ, ಓದುವವರ ತಲೆಗೆ ಕಟ್ಟುವ ಹೊರೆ.

ಸಂಕ್ಷಿಪ್ತತೆಯ ಬಗ್ಗೆ ತಕರಾರಿಲ್ಲ. 'ಅಂಕ 35 ಅಥವಾ ಹೆಚ್ಚಿದ್ದರೆ ನಿಜ ಎನ್ನು, ಇಲ್ಲದಿದ್ದರೆ ಸುಳ್ಳು ಎನ್ನು' ಎಂದು ನಾಲ್ಕು ಸಾಲು ಬರೆಯುವುದು ದಂಡ. ಆ ಹೋಲಿಕೆಯ ಉತ್ತರವೇ ನಿಜ ಅಥವಾ ಸುಳ್ಳು. ಅದನ್ನೇ ಹಿಂತಿರುಗಿಸಿದರೆ ಮುಗಿಯಿತು. ಎರಡೇ ಆಯ್ಕೆಗಳಿದ್ದಾಗ ಟರ್ನರಿಯೂ ಚೆಂದ. ಟರ್ನರಿಯೊಳಗೆ ಇನ್ನೊಂದು ಟರ್ನರಿ ತುರುಕಿದಾಗ ಮಾತ್ರ ಸಾಲಿಗೆ ಉಸಿರುಕಟ್ಟುತ್ತದೆ. ಪದಗಳ ನಡುವಿನ ಜಾಗ ಅಳಿಸಿದ ಮಾತ್ರಕ್ಕೆ ಗದ್ಯ ಹನಿಗವನವಾಗುವುದಿಲ್ಲ.

ಅಧಿಕ ವರ್ಷದ ಲೆಕ್ಕವನ್ನೇ ನೋಡಿ. 1900 ಅಧಿಕ ವರ್ಷವಲ್ಲ, 2000 ಹೌದು. 'ಮತ್ತು', 'ಅಥವಾ', 'ಅಲ್ಲ'ಗಳ ಸರಪಳಿ ಕಟ್ಟಿ ಈ ನಿಯಮವನ್ನು ಒಂದೇ ಸಾಲಿನಲ್ಲಿ ಹೇಳಬಹುದು. ಆವರಣ ಚಿಹ್ನೆಗಳನ್ನು ಎಣಿಸುತ್ತಾ ಕೂರುವುದು ಓದುವವರ ಪಾಡು. ಬದಲಿಗೆ ಹೀಗೆ ಬರೆಯಿರಿ: 400ರಿಂದ ಭಾಗವಾದರೆ ಹೌದು. 100ರಿಂದ ಭಾಗವಾದರೆ ಅಲ್ಲ. ಉಳಿದವು 4ರಿಂದ ಭಾಗವಾದರೆ ಹೌದು, ಇಲ್ಲದಿದ್ದರೆ ಅಲ್ಲ. ಒಂದೊಂದು ಸಾಲು ಒಂದೊಂದು ಬಾಗಿಲು ಮುಚ್ಚುತ್ತದೆ, ಹಿಂದಿನದನ್ನು ನೆನಪಿಟ್ಟುಕೊಳ್ಳಬೇಕಿಲ್ಲ. ನಿಜವಾದ ಸಂಕ್ಷಿಪ್ತತೆ ಇದು. ಅಳೆಯಬೇಕಾದದ್ದು ಅಕ್ಷರಗಳನ್ನಲ್ಲ, ಓದುವವರು ತಲೆಯಲ್ಲಿ ಹೊರಬೇಕಾದ ಭಾರವನ್ನು.

ಇದೆಲ್ಲ ಬರೀ ಅಭಿರುಚಿಯ ಜಗಳ ಎನ್ನುವವರು 2014ರ ಫೆಬ್ರುವರಿಯನ್ನು ನೆನೆಯಲಿ. ಆಗ ಆ್ಯಪಲ್ ಕಂಪನಿ ಐಫೋನುಗಳ ಒಂದು ದೊಡ್ಡ ಭದ್ರತಾ ದೋಷವನ್ನು ಸರಿಪಡಿಸಬೇಕಾಯಿತು. ಸುರಕ್ಷಿತ ಸಂಪರ್ಕವನ್ನು ಪರೀಕ್ಷಿಸುವ ಕೋಡಿನಲ್ಲಿ 'ಗೋಟು ಫೇಲ್' ಎಂಬ ಸಾಲು ಎರಡು ಸಲ ಬಿದ್ದಿತ್ತು. ಮೇಲಿದ್ದ 'ಇಫ್'ಗೆ ಪುಷ್ಪಾವರಣ ಇರಲಿಲ್ಲ. ಹಾಗಾಗಿ ಮೊದಲ ಸಾಲಷ್ಟೇ ಷರತ್ತಿಗೆ ಒಳಪಟ್ಟಿತು. ಎರಡನೆಯದು ಯಾವ ಷರತ್ತೂ ಇಲ್ಲದೆ ಓಡಿ, ಸಹಿಯ ಪರೀಕ್ಷೆಯನ್ನೇ ಹಾರಿಸಿಬಿಟ್ಟಿತು. ನಕಲಿ ತಾಣವೂ ಅಸಲಿಯಂತೆ ನಟಿಸಲು ದಾರಿಯಾಯಿತು. ಎರಡೂ ಸಾಲು ಒಂದೇ ಆವರಣದೊಳಗೆ ಬಿದ್ದಿದ್ದರೆ ಆ ನಕಲು ಸಾಲು ಏನೂ ಕೆಡಿಸುತ್ತಿರಲಿಲ್ಲ. ಉಳಿಸಿದ್ದು ಎರಡು ಚಿಹ್ನೆ!

'ಅನುಭವಿಗಳಿಗೆ ಎಲ್ಲ ಒಂದೇ ನೋಟಕ್ಕೆ ತಿಳಿಯುತ್ತದೆ' ಎಂಬ ವಾದವುಂಟು. ಆ ಎರಡು ಸಾಲುಗಳನ್ನೂ ಹೊಸಬರು ಬರೆದಿರಲಾರರು. 'ಅರ್ಹರಲ್ಲದವರಲ್ಲ' ಎಂದು ಬರೆದರೆ ಯಾವ ಸಂಪಾದಕರಾದರೂ ಕೆಂಪು ಗೆರೆ ಎಳೆಯುತ್ತಾರೆ. ಷರತ್ತಿನಲ್ಲಿ 'ಅಲ್ಲ'ದ ಮೇಲೆ 'ಅಲ್ಲ' ಪೇರಿಸುವವರಿಗೂ ಅದೇ ಗೆರೆ ಬೀಳಲಿ. ಉದ್ದದ ಷರತ್ತಿಗೆ 'ಅರ್ಹರು' ಎಂಬಂಥ ಒಂದು ಹೆಸರು ಕೊಡಿ, ಆ ಹೆಸರನ್ನೇ ಕೇಳಿ. ಯಂತ್ರಕ್ಕೆ ಹೇಗೆ ಬರೆದರೂ ಒಂದೇ. ಓದುವವರು ಮನುಷ್ಯರು.