ಕನ್ನಡಿಗೆ ಕಣ್ಣು ಯಾಕ್ರೀ?

ಫೋನು, ಟಿವಿ, ವಾಚು ಎಲ್ಲಾ ಸ್ಮಾರ್ಟ್ ಆದವು, ಈಗ ಕನ್ನಡಿಯ ಸರದಿ. ಮುಖ ತೋರಿಸುವುದರ ಜೊತೆಗೆ ಗಾಜಿನ ಮೂಲೆಯಲ್ಲಿ ಗಂಟೆ, ತಾರೀಖು, ಹವಾಮಾನವನ್ನೂ ತೋರಿಸಿದರೆ ಅದು ಸ್ಮಾರ್ಟ್ ಕನ್ನಡಿ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಇಂಥದ್ದು ಬೇಕು ಅಂತಿದ್ದರೆ ಕೊಳ್ಳಬೇಡಿ, ಮನೆಯಲ್ಲೇ ಮಾಡಿಕೊಳ್ಳಿ. ಅದರೊಳಗೆ ಏನು ಇರಬಾರದು ಅಂತ ತೀರ್ಮಾನಿಸುವ ಹಕ್ಕು ಆಗ ನಮ್ಮ ಕೈಯಲ್ಲೇ ಉಳಿಯುತ್ತದೆ.

ಬಿ.ಕಾಂ. ಓದಿ ಬ್ಯಾಂಕು ಸೇರಿದ ಧಾರವಾಡದವ ನಾನು. ಡೊಂಬಿವಲಿಗೆ ಬಂದು ಮೂವತ್ತು ವರ್ಷ ಆಯಿತು. ಸೋಲ್ಡರಿಂಗ್ ಬರುವುದಿಲ್ಲ, ಈ ಕೆಲಸಕ್ಕೆ ಅದು ಬೇಕಾಗಲೂ ಇಲ್ಲ. ಇದರ ಗುಟ್ಟು ಇರುವುದು ಅರ್ಧ ಬೆಳಕನ್ನು ಹಿಂದಕ್ಕೆ ಕಳಿಸಿ ಉಳಿದದ್ದನ್ನು ಒಳಗೆ ಬಿಡುವ ‘ಟೂ ವೇ’ ಗಾಜಿನಲ್ಲಿ. ಅದರ ಹಿಂದೆ ಕತ್ತಲಿದ್ದರೆ ನಮ್ಮ ಮುಖ ಕಾಣುತ್ತದೆ, ಬಿಳಿ ಅಕ್ಷರ ಹೊಳೆದರೆ ಅಕ್ಷರ ಕಾಣುತ್ತದೆ. ಗಾಜಿನ ಹಿಂದೆ ಒಂದು ಹಳೇ ಮಾನಿಟರ್, ಅದಕ್ಕೆ ಜೋಡಿಸಿದ ರಾಸ್ಪ್‌ಬೆರಿ ಪೈ. ಇದು 2012ರಲ್ಲಿ ಇಂಗ್ಲೆಂಡಿನಿಂದ ಬಂದ, ಇಸ್ಪೀಟು ಎಲೆಯಷ್ಟಗಲದ ಕಂಪ್ಯೂಟರ್. ಅದರ ಮೇಲೆ ಓಡುವುದು ‘ಮ್ಯಾಜಿಕ್ ಮಿರರ್’ ಎಂಬ ತಂತ್ರಾಂಶ. ನೆದರ್ಲೆಂಡ್ಸಿನ ಮೈಕೆಲ್ ಟೀವ್ 2014ರಲ್ಲಿ ಶುರು ಮಾಡಿದ್ದು, ಪೂರ್ತಿ ಉಚಿತ.

ಬ್ಯಾಂಕಿನವನಾದ್ದರಿಂದ ಲೆಕ್ಕ ಕೊಡದೆ ಬಿಡುವುದಿಲ್ಲ. ಮಾನಿಟರ್ ಅಟ್ಟದ ಮೇಲೇ ಇತ್ತು. ಲ್ಯಾಮಿಂಗ್ಟನ್ ರೋಡಿನಲ್ಲಿ ಸೆಕೆಂಡ್ ಹ್ಯಾಂಡ್ ಪೈ 2,800, ಗಾಜು 2,400, ಬಡಗಿ ಮಾಡಿಕೊಟ್ಟ ಸಾಗುವಾನಿ ಚೌಕಟ್ಟು 2,500, ಅಡಾಪ್ಟರ್, ಮೆಮೊರಿ ಕಾರ್ಡು, ಸ್ಕ್ರೂ ಇತ್ಯಾದಿ 1,100. ಒಟ್ಟು 8,800 ರೂಪಾಯಿ. ಕರೆಂಟು 25 ವ್ಯಾಟ್. ದಿನಕ್ಕೆ ನಾಲ್ಕು ಗಂಟೆ ಹಚ್ಚಿದರೆ ತಿಂಗಳಿಗೆ ಮೂರೇ ಯೂನಿಟ್.

ನಿಜವಾದ ಕಷ್ಟ ಇರುವುದು ಗೋಡೆಗೆ ತೂಗುಹಾಕುವುದರಲ್ಲಿ. ಒಂದು ಚದರ ಮೀಟರ್ ಗಾಜು ಪ್ರತಿ ಮಿಲಿಮೀಟರ್ ದಪ್ಪಕ್ಕೆ ಎರಡೂವರೆ ಕಿಲೋ ತೂಗುತ್ತದೆ. 60 ಸೆಂಟಿಮೀಟರ್ ಉದ್ದ, 45 ಅಗಲ, 4 ಮಿಲಿಮೀಟರ್ ದಪ್ಪದ ನನ್ನ ಗಾಜೇ 2.7 ಕಿಲೋ. ಮಾನಿಟರ್, ಮರ ಎಲ್ಲಾ ಸೇರಿ ಏಳು ಕಿಲೋ ದಾಟಿತು. ಹಳೇ ಬಿಲ್ಡಿಂಗಿನ ಪ್ಲಾಸ್ಟರಿಗೆ ಮೊಳೆ ಹೊಡೆದು ಇಷ್ಟು ಭಾರ ನೇತುಹಾಕಿದರೆ ಮಳೆಗಾಲದಲ್ಲಿ ಪ್ಲಾಸ್ಟರ್ ಸಮೇತ ಕೆಳಗೆ! ಇಟ್ಟಿಗೆಯವರೆಗೆ ಡ್ರಿಲ್ ಇಳಿಸಿ, ಪ್ಲಾಸ್ಟಿಕ್ ಪ್ಲಗ್ (ಇಲ್ಲಿಯವರ ‘ಗಿಟ್ಟಿ’) ಹಾಕಿ, ಅದಕ್ಕೆ ಸ್ಕ್ರೂ ಬಿಗಿಯಬೇಕು. 45 ಡಿಗ್ರಿಗೆ ಓರೆಯಾಗಿ ಕೊಯ್ದ ಎರಡು ಮರದ ಪಟ್ಟಿಗಳಲ್ಲಿ ಒಂದನ್ನು ಗೋಡೆಗೆ, ಇನ್ನೊಂದನ್ನು ಚೌಕಟ್ಟಿಗೆ ಕೂರಿಸಿದರೆ ಒಂದರ ಮೇಲೊಂದು ಕಚ್ಚಿಕೊಂಡು ನಿಲ್ಲುತ್ತವೆ. ಬಿಸಿ ಹೋಗಲು ಚೌಕಟ್ಟಿನ ಮೇಲೆ ಕೆಳಗೆ ತೂತು ಬಿಡಿ. ಸ್ವಿಚ್ ಬೋರ್ಡಿನ ನೇರಕ್ಕೆ ಡ್ರಿಲ್ ಹಾಕಬೇಡಿ, ಒಳಗೆ ವೈರು ಇರುತ್ತದೆ. ಬಚ್ಚಲುಮನೆಯಲ್ಲಂತೂ ಬೇಡವೇ ಬೇಡ.

“ಅಲ್ರೀ, ಮೊಬೈಲ್‌ನ್ಯಾಗ ಕಾಣೋದನ್ನ ಗ್ವಾಡಿಗೆ ಯಾಕ ತೂಗಹಾಕ್ತೀರಿ?” ಅಂತ ಹೆಂಡತಿ ಕೇಳಿದಳು. ನ್ಯಾಯವಾದ ಪ್ರಶ್ನೆ. ಆದರೆ ಗಂಟೆ ನೋಡಲು ಮೊಬೈಲ್ ಎತ್ತಿಕೊಂಡವರು ಗಂಟೆ ನೋಡಿ ಕೆಳಗಿಟ್ಟದ್ದು ನೀವು ಕಂಡಿದ್ದೀರಾ? ಕನ್ನಡಿಯ ಮುಂದೆ ಹೇಗೂ ಐದು ನಿಮಿಷ ನಿಲ್ಲುತ್ತೇವೆ. ಅದು ನಮ್ಮನ್ನು ಏನೂ ಕೇಳುವುದಿಲ್ಲ, ಎಲ್ಲಿಗೂ ಎಳೆದೊಯ್ಯುವುದಿಲ್ಲ. ಹಾಗಂತಲೇ ಷೇರು ಪೇಟೆ, ಸುದ್ದಿ, ವಾಟ್ಸಾಪ್ ಯಾವುದಕ್ಕೂ ನಮ್ಮ ಕನ್ನಡಿಯಲ್ಲಿ ಜಾಗವಿಲ್ಲ.

ಇನ್ನು ಕ್ಯಾಮೆರಾ ಮತ್ತು ಮೈಕ್. ಮುಖ ಗುರುತಿಸಿ ನಮಸ್ಕಾರ ಹೇಳುವ, ಮಾತು ಕೇಳಿ ಉತ್ತರಿಸುವ ಕನ್ನಡಿಗಳಿವೆ. ಕನ್ನಡಿಗೆ ನಾವು ಕಣ್ಣು ಕೊಡಬೇಕಾದರೂ ಯಾಕೆ? ಅದರ ಮುಂದೆ ನಿಲ್ಲುವವನು ನಾನೊಬ್ಬನೇ ಅಲ್ಲ. ಸೀರೆ ಸೆರಗು ಸರಿ ಮಾಡಿಕೊಳ್ಳುವ ಹೆಂಡತಿ, ಮಗಳ ಗೆಳತಿಯರು, ಮನೆಗೆಲಸದ ಬಾಯಿ ಎಲ್ಲರೂ ನಿಲ್ಲುತ್ತಾರೆ. ವೈಯಕ್ತಿಕ ಮಾಹಿತಿ ರಕ್ಷಣೆಗೆ 2023ರಲ್ಲಿ ಬಂದ ಕಾನೂನು ಒಪ್ಪಿಗೆಯ ಮಾತು ಹೇಳುತ್ತದೆ. ಹೌದು, ‘ಐ ಅಗ್ರೀ’ ಒತ್ತಿದವನು ನಾನು. ಅವರನ್ನೆಲ್ಲ ಕೇಳಿದವರು ಯಾರು?

ಇದು ಅತಿಯಾಯಿತು ಅಂತ ಅನ್ನಿಸಬಹುದು. ಕೌಂಟರಿನ ಈಚೆ ಕೂತವನಿಗೆ ಹಾಗನ್ನಿಸುವುದಿಲ್ಲ. ‘ಡಿಜಿಟಲ್ ಅರೆಸ್ಟ್’ ಮೋಸದಲ್ಲಿ ಮುದುಕರಿಗೆ ಹಾಕುವ ಮೊದಲ ಷರತ್ತೇ ಕ್ಯಾಮೆರಾ ಮುಂದಿನಿಂದ ಏಳಬಾರದು ಅನ್ನುವುದು. ಅಂಥ ಬಂಧನ ಕಾನೂನಿನಲ್ಲೇ ಇಲ್ಲ ಅಂತ ಪ್ರಧಾನಿ 2024ರ ಅಕ್ಟೋಬರಿನಲ್ಲಿ ರೇಡಿಯೋದಲ್ಲಿ ಹೇಳಬೇಕಾಯಿತು. ಆಮೇಲೂ ನಡುಗುವ ಕೈಯಲ್ಲಿ ಎಫ್.ಡಿ. ಮುರಿಸಲು ಬಂದವರನ್ನು ನೋಡಿದ್ದೇನೆ. ಮನೆಯೊಳಗೆ ಇನ್ನೊಂದು ಕ್ಯಾಮೆರಾ ತರುವ ಮುನ್ನ ಒಂದು ಕ್ಷಣ ಯೋಚಿಸೋಣ ಅನ್ನುತ್ತೇನೆ ಅಷ್ಟೆ. ನನ್ನ ಕನ್ನಡಿ ಹವಾಮಾನ ತಿಳಿಯಲು ಹೊರಗೆ ಕಳಿಸುವುದು ಎರಡು ಊರುಗಳ ಅಕ್ಷಾಂಶ, ರೇಖಾಂಶ ಮಾತ್ರ. ಕ್ಯಾಮೆರಾ, ಮೈಕ್ ನಾನು ಜೋಡಿಸಿಯೇ ಇಲ್ಲ.

ಕೊಂಡ ವಸ್ತುವಿನ ಆಯುಷ್ಯವೂ ನಮ್ಮ ಕೈಯಲ್ಲಿಲ್ಲ. ವ್ಯಾಯಾಮ ಕಲಿಸುವ ‘ಮಿರರ್’ ಎಂಬ ಅಮೆರಿಕದ ಕಂಪನಿಯನ್ನು ಲುಲುಲೆಮನ್ 2020ರಲ್ಲಿ 50 ಕೋಟಿ ಡಾಲರಿಗೆ ಕೊಂಡುಕೊಂಡಿತು. 2023ರಲ್ಲಿ ಆ ಕನ್ನಡಿಯ ಮಾರಾಟ ನಿಲ್ಲಿಸುವುದಾಗಿ ಹೇಳಿತು. ಕೊಟ್ಟವರಿಗೆ ಆ 50 ಕೋಟಿ ಕನ್ನಡಿಯೊಳಗಿನ ಗಂಟೇ ಆಯಿತು.

ಹಾಗಾದರೆ ನಮ್ಮ ಕನ್ನಡಿಯಲ್ಲಿ ಏನಿದೆ? ಗಂಟೆ, ತಾರೀಖು. ನಾನೇ ಟೈಪ್ ಮಾಡಿ ಹಾಕಿದ ಮೂರು ಲೋಕಲ್‌ಗಳ ಸಮಯ. ಡೊಂಬಿವಲಿಯ ಮಳೆ, ಅದರ ಕೆಳಗೆ ಧಾರವಾಡದ ಮಳೆ, ಯಾಕಂದರೆ ಅಲ್ಲಿ ತಮ್ಮ ಹೊಲ ನೋಡಿಕೊಳ್ಳುತ್ತಾನೆ. ಕೊನೆಯಲ್ಲಿ ದಿನಕ್ಕೊಂದು ಕನ್ನಡ ಶಬ್ದ. ತಂತ್ರಾಂಶದಲ್ಲಿ ನಮ್ಮನ್ನು ಇಂಗ್ಲಿಷಿನಲ್ಲಿ ಹೊಗಳುವ ಒಂದು ಭಾಗವಿದೆ, ಅಲ್ಲಿನ ಸಾಲು ತೆಗೆದು ಹಸಿಮಳೆ, ಮುಗುಳುನಗೆ, ಬೆಳದಿಂಗಳು ಅಂತ ತುಂಬಿಸುತ್ತಾ ಹೋದೆ. (ಕನ್ನಡ ಫಾಂಟ್ ಹಾಕದಿದ್ದರೆ ಬರೀ ಚೌಕಗಳು ಕಾಣುತ್ತವೆ, ನೋಟೋ ಸಾನ್ಸ್ ಕನ್ನಡ ಹಾಕಿಕೊಳ್ಳಿ.) ಮಗಳು ಹುಟ್ಟಿ ಬೆಳೆದದ್ದು ಇಲ್ಲಿ. ಮಾತಾಡುತ್ತಾಳೆ, ಓದುವುದು ಕಷ್ಟ. ಈಗ ತಲೆ ಬಾಚುತ್ತಾ ಅಕ್ಷರ ಕೂಡಿಸಿ ಓದುತ್ತಾಳೆ. ಇಂಥ ಕನ್ನಡಿಯನ್ನು ಯಾವ ಕಂಪನಿ ನಮಗಾಗಿ ಮಾಡಿ ಮಾರುತ್ತದೆ ಹೇಳಿ?

ನೀವೂ ಮಾಡುವುದಾದರೆ ಸಾಮಾನು ತರುವ ಮುಂಚೆ ಒಂದು ಹಾಳೆ ತಗೊಳ್ಳಿ. ಏನು ಇರಬೇಕು ಅನ್ನುವುದು ಆಮೇಲೆ, ಏನು ಇರಬಾರದು ಅನ್ನುವುದನ್ನು ಮೊದಲು ಮನೆಯವರೆಲ್ಲ ಕೂತು ಬರೆಯಿರಿ. ಡ್ರಿಲ್ ತರಲು ಆಮೇಲೆ ಹೋದರಾಯಿತು.