ಜೀಪಿನ ಹೊರಗೆ ಜೋತುಬಿದ್ದ ಜೀವಗಳು

ಕಾಫಿ ಕೊಯ್ಲಿನ ದಿನಗಳಲ್ಲಿ ನೆಲ್ಯಹುದಿಕೇರಿಯ ಸುತ್ತಮುತ್ತ ಬೆಳಗಿನ ಹೊತ್ತು ಕಾಣುವ ನೋಟ ಕೊಡಗಿನವರಿಗೆ ಹೊಸದಲ್ಲ. ಜೀಪಿನೊಳಗೆ ಕಾಲಿಡಲು ಜಾಗವಿರುವುದಿಲ್ಲ. ಹಿಂಬದಿಯ ಬಂಪರಿನ ಮೇಲೆ ಕಾಲೂರಿ, ಮೇಲಿನ ಕಂಬಿ ಹಿಡಿದು ನಿಂತವರು ಕೆಲವರು; ಪಿಕ್‌ಅಪ್ ವಾಹನದ ಬದಿಯ ಹಲಗೆಯ ಮೇಲೆ ಕುಳಿತವರು ಕೆಲವರು; ಟ್ರ್ಯಾಕ್ಟರಿನ ಮಡ್‌ಗಾರ್ಡನ್ನೇ ಆಸನ ಮಾಡಿಕೊಂಡವರು ಇನ್ನು ಕೆಲವರು. ನಿತ್ಯ ಕಾಣುವ ಅಪಾಯ ಕ್ರಮೇಣ ಅಪಾಯವೆಂದೇ ತೋರದಂತಾಗುತ್ತದೆ. ಇದೇ ಎಲ್ಲಕ್ಕಿಂತ ದೊಡ್ಡ ಅಪಾಯ.

ತೋಟದ ದಾರಿ ಹೆದ್ದಾರಿಯಲ್ಲ. ಮಳೆಗಾಲ ಕೊರೆದ ಕೊರಕಲು, ಕಡಿದಾದ ತಿರುವು, ಒಂದು ಬದಿ ಬರೆ, ಇನ್ನೊಂದು ಬದಿ ಇಳಿಜಾರು. ವಾಹನದ ಒಂದು ಚಕ್ರ ಕೊರಕಲಿಗೆ ಇಳಿದೊಡನೆ ಒಳಗೆ ಕುಳಿತವರು ಪಕ್ಕದವರಿಗೆ ತಾಗುತ್ತಾರೆ. ಹೊರಗೆ ನಿಂತವರಿಗೆ ಆಧಾರವೆಂದರೆ ತಮ್ಮ ಹಿಡಿತವೊಂದೇ. ಬಾಗಿದ ಕೊಂಬೆ, ದಾರಿಗೆ ಒತ್ತಿಕೊಂಡ ಸಿಲ್ವರ್ ಓಕ್ ಮರ, ಎದುರಾಗುವ ವಾಹನದ ಅಂಚು, ಇವುಗಳಲ್ಲಿ ಯಾವುದೊಂದು ತಾಗಿದರೂ ಕೈ ಕಾಲು ಜಜ್ಜಿಹೋಗುತ್ತದೆ. ಮಡ್‌ಗಾರ್ಡಿನಿಂದ ಜಾರಿದವರು ದೊಡ್ಡ ಚಕ್ರದಡಿಗೇ ಬೀಳುತ್ತಾರೆ. ಚಾವಣಿಯ ಮೇಲೆ ಜನರು ಕುಳಿತಷ್ಟೂ ವಾಹನದ ಸಮತೋಲನ ಕೆಡುತ್ತದೆ. ಹಿಂಬದಿಯಲ್ಲಿ ಜೋತುಬಿದ್ದಷ್ಟೂ ಮುಂದಿನ ಚಕ್ರಗಳ ಮೇಲಿನ ಭಾರ ಕಡಿಮೆಯಾಗಿ ಏರುದಾರಿಯಲ್ಲಿ ಚಾಲಕನ ಹತೋಟಿ ತಪ್ಪುತ್ತದೆ. ವಾಹನ ಮಗುಚಿದಾಗ ಒಳಗಿದ್ದವರನ್ನು ಕಾಯಬೇಕಾದ ಕಬ್ಬಿಣದ ಚೌಕಟ್ಟೇ ಹೊರಗಿದ್ದವರ ಮೇಲೆ ಬೀಳುತ್ತದೆ.

ನೆರೆಯ ವಯನಾಡಿನ ತಲಪ್ಪುಳ ಬಳಿ 2023ರ ಆಗಸ್ಟ್ 25ರಂದು ಚಹಾ ತೋಟದ ಕಾರ್ಮಿಕರಿದ್ದ ಜೀಪು ಕಮರಿಗೆ ಉರುಳಿ ಒಂಬತ್ತು ಮಹಿಳೆಯರು ಮೃತಪಟ್ಟರು. 2025ರ ಜನವರಿ 22ರ ನಸುಕಿನಲ್ಲಿ ಯಲ್ಲಾಪುರದ ಅರೆಬೈಲು ಘಟ್ಟದಲ್ಲಿ, ಸವಣೂರಿನಿಂದ ಕುಮಟಾ ಸಂತೆಗೆ ಹಣ್ಣು, ತರಕಾರಿಯೊಡನೆ ಹೊರಟಿದ್ದ ಲಾರಿ ಕಂದಕಕ್ಕೆ ಬಿದ್ದು ಹತ್ತು ಮಂದಿ ವ್ಯಾಪಾರಿಗಳು ಪ್ರಾಣ ಕಳೆದುಕೊಂಡರು. ಸತ್ತವರೆಲ್ಲರೂ ಹೊಟ್ಟೆಪಾಡಿಗಾಗಿ ಹೊರಟಿದ್ದವರು.

ಹಾಗಾದರೆ ಜನರು ಏಕೆ ಹೀಗೆ ಪ್ರಯಾಣಿಸುತ್ತಾರೆ? ತಿಳಿವಳಿಕೆಯ ಕೊರತೆಯಿಂದ ಎನ್ನುವುದು ಸುಲಭದ ಉತ್ತರ, ಆದರೆ ಅದು ನಿಜವಲ್ಲ. ನೆಲ್ಯಹುದಿಕೇರಿ, ಸಿದ್ದಾಪುರ, ವಾಲ್ನೂರು ಭಾಗದ ತೋಟಗಳಲ್ಲಿ ಕಾಡಾನೆಗಳ ಸಂಚಾರ ನಿತ್ಯದ ಸಂಗತಿ. ಅರಣ್ಯ ತುಂಡಾಗಿ, ಆನೆಯ ದಾರಿಗಳು ಮುಚ್ಚಿದಂತೆಲ್ಲ ಅವು ಕಾಫಿಯ ನೆರಳಿನಲ್ಲೇ ದಿನ ಕಳೆಯುತ್ತಿವೆ. ಬೆಳಗಿನ ಮಬ್ಬಿನಲ್ಲಿ ನಡೆದು ಹೋಗುವವರಿಗೆ ಆನೆಯ ಭಯ, ವಾಹನ ಏರಿದವರಿಗೆ ಬೀಳುವ ಭಯ. ಜೀಪು ಒಂದೇ ಬಾರಿ ಬರುವುದಾದರೆ, ಅದು ತಪ್ಪಿದರೆ ಆ ದಿನದ ಕೂಲಿಯೂ ತಪ್ಪುತ್ತದೆ. ಹೀಗಿರುವಾಗ ಬಂಪರಿನ ಮೇಲೆ ನಿಲ್ಲುವುದು ಕಾರ್ಮಿಕರ ಆಯ್ಕೆಯಲ್ಲ. ಎರಡನೆಯ ಸಲ ವಾಹನ ಕಳಿಸುವ ಡೀಸೆಲ್ ಖರ್ಚನ್ನು ಉಳಿಸಿದವರ ಆಯ್ಕೆ ಅದು.

ಮಾಂದಲಪಟ್ಟಿಯಂಥ ತಾಣಗಳಲ್ಲಿ ಇದೇ ದೃಶ್ಯ ಮೋಜಿನ ವೇಷದಲ್ಲಿ ಕಾಣುತ್ತದೆ. ಕುಲುಕಾಡುವ ಜೀಪಿನ ಹೊರಗೆ ಬಾಗಿ ಚಿತ್ರ ತೆಗೆಸಿಕೊಳ್ಳುವ ಪ್ರವಾಸಿಗೆ ಒಳಗೆ ಕುಳಿತುಕೊಳ್ಳುವ ಅವಕಾಶವಿದೆ; ಕಾರ್ಮಿಕನಿಗೆ ಇಲ್ಲ. ಆದರೆ ಮೂಳೆ ಮುರಿಯುವಾಗ ಈ ಭೇದ ಉಳಿಯುವುದಿಲ್ಲ. ತಲೆಗೆ ತೀವ್ರ ಪೆಟ್ಟಾದವರನ್ನು ಮೈಸೂರಿಗೋ ಮಂಗಳೂರಿಗೋ ಸಾಗಿಸಬೇಕಾದ ಜಿಲ್ಲೆ ಇದು. ತುರ್ತು ಚಿಕಿತ್ಸೆಯ ಆಸ್ಪತ್ರೆ ಬೇಕೆಂದು 2019ರಲ್ಲಿ ಕೊಡಗಿನ ಜನರು ದನಿಯೆತ್ತಿದ್ದು ಸುಮ್ಮನೆ ಅಲ್ಲ.

ಕಾನೂನು ಸ್ಪಷ್ಟವಾಗಿದೆ. 1988ರ ಮೋಟಾರು ವಾಹನ ಕಾಯ್ದೆಯ 123ನೇ ಕಲಮು ಫುಟ್‌ಬೋರ್ಡ್, ಚಾವಣಿ, ಬಾನೆಟ್‌ಗಳ ಮೇಲಿನ ಪ್ರಯಾಣವನ್ನು ನಿಷೇಧಿಸುತ್ತದೆ. ವಾಹನದ ಹೊರಗೆ ಜನರನ್ನು ಒಯ್ಯುವ ಚಾಲಕನನ್ನೂ ಹೊಣೆಯಾಗಿಸುತ್ತದೆ. 2019ರ ತಿದ್ದುಪಡಿಯಲ್ಲಿ ಬಂದ 194ಎ ಕಲಮಿನಂತೆ ಹೆಚ್ಚುವರಿ ಪ್ರಯಾಣಿಕರನ್ನು ಇಳಿಸಿ, ಅವರಿಗೆ ಬದಲಿ ವಾಹನ ಒದಗಿಸುವವರೆಗೆ ಪ್ರಯಾಣಿಕ ವಾಹನ ಮುಂದೆ ಹೋಗುವಂತಿಲ್ಲ. ಬದಲಿ ವಾಹನದ ಮಾತನ್ನು ಕಾನೂನೇ ಆಡಿದೆ ಎಂಬುದನ್ನು ಗಮನಿಸಬೇಕು. ಸರಕು ವಾಹನದಲ್ಲಿ ಪುಕ್ಕಟೆಯಾಗಿ ಪ್ರಯಾಣಿಸುವವರಿಗೆ ಪರಿಹಾರ ಕೊಡುವ ಹೊಣೆ ವಿಮಾ ಕಂಪೆನಿಯದಲ್ಲ ಎಂದು ಸುಪ್ರೀಂ ಕೋರ್ಟು 2002ರಲ್ಲಿಯೇ ತೀರ್ಪಿತ್ತಿದೆ. ಮೇಸ್ತ್ರಿ ಯಾರದೋ ಪಿಕ್‌ಅಪ್‌ನಲ್ಲಿ ಹತ್ತಿಸಿದ ಕೂಲಿಕಾರ್ಮಿಕ ಬಿದ್ದರೆ, ವಿಮೆಯ ಹಣಕ್ಕಾಗಿ ಅವನ ಕುಟುಂಬ ವರ್ಷಗಟ್ಟಲೆ ಅಲೆಯಬೇಕಾದೀತು.

ಆದುದರಿಂದ ಪೊಲೀಸರು ದಾರಿಯಲ್ಲಿ ತಡೆದು ದಂಡ ಹಾಕಿದರಷ್ಟೇ ಸಾಲದು. ಮಾಲೀಕರು ಕೊಯ್ಲಿಗೆ ಮುನ್ನವೇ ಆಳುಗಳ ಲೆಕ್ಕಕ್ಕೆ ತಕ್ಕಷ್ಟು ವಾಹನ ಗೊತ್ತುಮಾಡಬೇಕು, ಇಲ್ಲವೇ ಇರುವ ವಾಹನವನ್ನು ಎರಡು ಸಲ ಓಡಿಸಬೇಕು. ಕೆಲಸದ ಗುತ್ತಿಗೆಯಲ್ಲಿ ಸಾಗಾಟದ ವೆಚ್ಚವನ್ನು ಪ್ರತ್ಯೇಕವಾಗಿ ನಮೂದಿಸಬೇಕು. ಆನೆಗಳಿರುವ ತೋಟಗಳಲ್ಲಿ ಬೆಳಕು ಹರಿದ ಮೇಲೆ ಕೆಲಸ ಆರಂಭಿಸಬೇಕು. ಗ್ರಾಮಸಭೆಗಳಲ್ಲಿ ಈ ವಿಷಯ ಚರ್ಚೆಗೆ ಬರಬೇಕು. ಓದುವ ಮಕ್ಕಳು ತಮ್ಮ ಮನೆಯವರು ಹೇಗೆ ಕೆಲಸಕ್ಕೆ ಹೋಗುತ್ತಾರೆಂಬುದನ್ನು ಅಲ್ಲಿ ಹೇಳಬೇಕು.

ಕಾಫಿಯ ಬೆಲೆ ಏರಿದಾಗ ತೋಟದ ಲೆಕ್ಕದಲ್ಲಿ ಗೊಬ್ಬರಕ್ಕೆ, ಬೇಲಿಗೆ, ಕಾವಲಿಗೆ ಹಣ ಹುಟ್ಟುತ್ತದೆ. ಹಣ್ಣು ಕೊಯ್ಯುವ ಕೈಗಳು ಕಂಬಿ ಹಿಡಿದು ಜೋತಾಡದಂತೆ ಮಾಡಲು ಇನ್ನೊಂದು ಸುತ್ತಿನ ಡೀಸೆಲ್ ಸಾಕು.